ಮೂರು ಅಂಗಳದಾಚೆಯ ಅಂಗಡಿ

ಹೋದ ಹೊಸತು

ಕೆನಡಾಕ್ಕೆ ಹೋಗಿ ಬಂದವಳು ಎಂದು ಗೊತ್ತಾದರೆ ಸಾಕು, ಹಿಮ ನೋಡಿದ್ರಾ, ಆ ದೊಡ್ಡ ಜಲಪಾತ ನೋಡಿದ್ರಾ ಎಂದು ಎಲ್ಲರೂ ಕೇಳುತ್ತಾರೆ. ನೋಡಿದೆ ಮಾರಾಯ್ರೆ, ಎರಡನ್ನೂ ನೋಡಿದೆ. ಹಿಮ ಎಂದರೆ ನಾನು ಹೋದಾಗ ರಸ್ತೆಯ ಮೂಲೆಯಲ್ಲಿ ಕರಗದೆ ಉಳಿದಿದ್ದ ಕಪ್ಪು ರಾಶಿ, ಅಷ್ಟೇ. ಜಲಪಾತದ ಎದುರು ಪ್ಲಾಸ್ಟಿಕ್ ಕೋಟು ಹಾಕಿಕೊಂಡು ಫೋಟೋ ತೆಗೆಸಿಕೊಂಡದ್ದೂ ಆಯಿತು. ಆದರೆ ಈಗ ಕಣ್ಣು ಮುಚ್ಚಿದರೆ ಬರುವುದು ನನ್ನ ತಮ್ಮ ಭಾಸ್ಕರನ ಮನೆಯ ಮಹಡಿ ಕಿಟಕಿ. ಐದು ತಿಂಗಳು ಅಲ್ಲಿದ್ದೆ, ಅದರಲ್ಲಿ ಅರ್ಧವನ್ನು ಆ ಕಿಟಕಿಯ ಹತ್ತಿರವೇ ಕಳೆದಿರಬೇಕು.

ಮೊದಮೊದಲು ನಿದ್ದೆಯ ಹೊತ್ತೇ ತಪ್ಪಿತ್ತು. ಬೆಳಗ್ಗೆ ತೂಕಡಿಸುತ್ತ ಕಿಟಕಿಯಲ್ಲಿ ಕೂತರೆ, ಎದುರಿನ ಬೀದಿಯನ್ನು ಎಚ್ಚರದಲ್ಲಿ ನೋಡುತ್ತಿದ್ದೇನೋ ಕನಸಿನಲ್ಲೋ ತಿಳಿಯುತ್ತಿರಲಿಲ್ಲ. ಒಂದೇ ಬಣ್ಣದ ಮನೆಗಳು, ಒಂದೇ ಎತ್ತರದ ಹುಲ್ಲು. ಬೀದಿ ಸುಮ್ಮನೆ ಬಾಗಿಕೊಂಡು ಹೋಗಿ ಒಂದು ವೃತ್ತದಲ್ಲಿ ನಿಂತುಬಿಡುತ್ತದೆ, ಅಲ್ಲಿಂದ ಮುಂದೆ ದಾರಿಯಿಲ್ಲ. ಒಂದು ಮನೆಯ ಕಾರಿನ ಕೋಣೆಯ ಬಾಗಿಲು ತಾನಾಗಿ ಮೇಲೇಳುತ್ತದೆ, ಕಾರು ಹೊರಗೆ ಬರುತ್ತದೆ, ಬಾಗಿಲು ಮತ್ತೆ ಕೆಳಗಿಳಿಯುತ್ತದೆ. ಸಂಜೆ ಇದೇ ಉಲ್ಟಾ. ಮೂರು ದಿನ ಕೂತು ನೋಡಿದರೂ ನೆಲದ ಮೇಲೆ ಊರಿದ ಮನುಷ್ಯನ ಕಾಲೊಂದೂ ನನಗೆ ಕಾಣಲಿಲ್ಲ.

ನಾನು ಕೊಕ್ಕರ್ಣೆಯ ಸುತ್ತಮುತ್ತ ಮೂವತ್ತು ವರ್ಷ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿದವಳು. ಪೋಲಿಯೋ ಹನಿ, ಬಸುರಿಯರ ಮಾತ್ರೆ, ಮುದುಕರ ಬಿಪಿ ಎಂದು ಮನೆಮನೆ ತಿರುಗಿ ಕಾಲು ಸವೆಸಿದ್ದೇನೆ. ನನಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವನು ಭಾಸ್ಕರ. ಬೊಂಬಾಯಿಯ ಕ್ಯಾಂಟೀನಿನಲ್ಲಿ ಇಡ್ಲಿ ಬೇಯಿಸಲು ಕಲಿತು, ದುಬೈಗೆ ಹೋಗಿ, ಅಲ್ಲಿಂದ ಕೆನಡಾ ಸೇರಿ ಒಂದು ಹೋಟೆಲಿನಲ್ಲಿ ಅಡುಗೆಯವನಾಗಿದ್ದ. ಹೋದ ವರ್ಷ ಕೆಲಸದಲ್ಲಿದ್ದಾಗಲೇ ಅವನಿಗೆ ಫಿಟ್ಸ್ ಬಂತು. ಗುಣವಾಯಿತು ಎನ್ನುವಷ್ಟರಲ್ಲಿ ಇನ್ನೊಮ್ಮೆ ಬಂತು. ಡಾಕ್ಟರು ಇನ್ನು ಕಾರು ಓಡಿಸುವಂತಿಲ್ಲ ಎಂದು ಬರೆದುಕೊಟ್ಟರು, ಲೈಸೆನ್ಸ್ ಹೋಯಿತು.

ಲೈಸೆನ್ಸ್ ಹೋದರೆ ಏನಾಯಿತು, ಬಸ್ಸಿನಲ್ಲಿ ಹೋದರಾಯಿತು ಎಂದು ನಾನು ಕೊಕ್ಕರ್ಣೆಯಲ್ಲಿ ಕೂತು ಫೋನಿನಲ್ಲಿ ಹೇಳುತ್ತಿದ್ದೆ. ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ಅವನ ಬೀದಿಗೆ ಬಸ್ಸೇ ಬರುವುದಿಲ್ಲ. ಹತ್ತಿರದಲ್ಲಿ ಚಾ ಅಂಗಡಿಯಿಲ್ಲ, ಕ್ಷೌರದಂಗಡಿಯಿಲ್ಲ, ಕೂರಲು ಕಟ್ಟೆಯಿಲ್ಲ. ಅವನ ಹೆಂಡತಿ ಲಲಿತಾ ವೃದ್ಧರ ಆರೈಕೆಯ ಕೇಂದ್ರವೊಂದರಲ್ಲಿ ಕೆಲಸಕ್ಕಿದ್ದಾಳೆ. ಮಧ್ಯಾಹ್ನ ಅವಳು ಕಾರು ತೆಗೆದುಕೊಂಡು ಹೊರಟರೆ ಭಾಸ್ಕರ ಮನೆಯೊಳಗೆ ಒಬ್ಬನೇ. ಐವತ್ತು ಜನರಿಗೆ ಒಟ್ಟಿಗೆ ಬಡಿಸುತ್ತಿದ್ದವನು ಸೋಫಾದಲ್ಲಿ ಕೂತು ಗೋಡೆ ನೋಡುತ್ತಿದ್ದ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಅಲ್ಲಿಗೆ ಹೋದದ್ದು ಊರು ನೋಡಲಿಕ್ಕಲ್ಲ, ತಮ್ಮನನ್ನು ಕರೆದುಕೊಂಡು ಬರಲಿಕ್ಕೆ. ಮನೆಯ ಪಡಸಾಲೆಗೆ ಸುಣ್ಣ ಬಳಿಸಿ, ಅವನಿಗೊಂದು ಕೋಣೆ ಖಾಲಿ ಮಾಡಿಸಿ, ಬರುವಾಗ ಇಬ್ಬರೇ ಬರುತ್ತೇವೆ, ಲಲಿತಾ ಆಮೇಲೆ ಬರುತ್ತಾಳೆ ಎಂದು ಬ್ರಹ್ಮಾವರದವರೆಗೂ ಡಂಗುರ ಸಾರಿಯೇ ಹೊರಟಿದ್ದೆ.

ಒಂದು ಶುಕ್ರವಾರ, ಹಿತ್ತಿಲ ಕಡೆ

ಮನೆಯ ಹಿಂದಿನ ಕಿಟಕಿಯಿಂದ ನೋಡಿದರೆ ಮರಗಳ ಸಂದಿಯಲ್ಲಿ ಒಂದು ಕೆಂಪು ಬೋರ್ಡು ಕಾಣುತ್ತಿತ್ತು. ಅದೇನೆಂದು ಭಾಸ್ಕರನನ್ನು ಕೇಳಿದೆ.

"ಅದ್ ಅಂಗಡಿ ಅಕ್ಕ. ಹಾಲ್, ಬ್ರೆಡ್, ಔಷಧಿ ಎಲ್ಲ ಸಿಕ್ಕತ್ತ್."

"ಇಷ್ಟ್ ಹತ್ರ ಅಂಗಡಿ ಇಟ್ಕಂಡ್ ಹಾಲ್ ತಪ್ಪುಕೆ ಲಲಿತಾ ಬಪ್ಪುದ್ ಕಾಯ್ತ್ಯಾ?"

"ಹತ್ರ ಕಾಂತ್, ಅಷ್ಟೇ. ರೋಡಂಗೆ ಹೋರೆ ಮುಕ್ಕಾಲ್ ಗಂಟೆ ನಡಿಕ್. ಬದಿಯಂಗೆ ನಡುಕೆ ಜಾಗ ಇಲ್ಲ, ಕಾರ್ ಎಲ್ಲ ಮೈಮೇಲೇ ಬತ್ತ್."

ನಾನು ಬೆರಳು ತೋರಿಸಿದೆ. ನಮ್ಮ ಹಿತ್ತಿಲು, ಅದರಾಚೆ ಎರಡು ಮನೆಗಳ ಅಂಗಳ, ಆಮೇಲೆ ಅಂಗಡಿ. ಐದು ನಿಮಿಷದ ದಾರಿ. ಭಾಸ್ಕರ ಮಾತ್ರ "ಇಲ್ಲ್ ಹಾಂಗೆಲ್ಲ ಹೋಪುಕೆ ಆತಿಲ್ಲೆ ಅಕ್ಕ" ಎಂದು ಮಗ್ಗುಲು ಬದಲಿಸಿ ಮಲಗಿದ.

ನಮ್ಮ ಕಡೆ ಯಾರ ಮನೆಗೆ ಹೋಗಬೇಕಾದರೂ ಇನ್ನೊಬ್ಬರ ಅಂಗಳ ದಾಟದೆ ಹೋಗಲಾಗುವುದಿಲ್ಲ. ಗದ್ದೆಯ ಅಂಚಿನಲ್ಲಿ ಬಂದು, ಬೇಲಿಯ ತಡಮೆ ದಾಟಿ, ಒಬ್ಬರ ಬಾವಿಯ ಪಕ್ಕದಲ್ಲಿ, ಇನ್ನೊಬ್ಬರ ಹಟ್ಟಿಯ ಹಿಂದೆ ದಾರಿ ಹೋಗುತ್ತದೆ. ಅದಕ್ಕೊಂದು ಮರ್ಯಾದೆ ಉಂಟು. ಕಳ್ಳರ ಹಾಗೆ ಸದ್ದಿಲ್ಲದೆ ದಾಟಬಾರದು. ಅಂಗಳಕ್ಕೆ ಕಾಲಿಡುವಾಗಲೇ "ಹ್ವಾಯ್" ಎಂದು ಕೂಗಬೇಕು, ಒಳಗಿದ್ದವರು ಯಾರು ಎಂದು ಕೇಳಬೇಕು, ಎರಡು ಮಾತಾಡಿ ಮುಂದೆ ಹೋಗಬೇಕು. ಸುಮ್ಮನೆ ಹೋದರೆ, ಏನು ನಮ್ಮ ಮೇಲೆ ಸಿಟ್ಟಾ ಎಂದು ಮರುದಿನ ಕೇಳುತ್ತಾರೆ.

ಆ ಶುಕ್ರವಾರ ತಮ್ಮ ನಿದ್ದೆಯಲ್ಲಿದ್ದ. ನಾನು ಸೀರೆ ಎತ್ತಿ ಕಟ್ಟಿ, ಲಲಿತಾಳ ಸ್ವೆಟರ್ ಹಾಕಿ, ಕೈಚೀಲ ಹಿಡಿದು ಹಿತ್ತಿಲ ಬಾಗಿಲಿನಿಂದ ಹೊರಟೆ. ಬೇಲಿಯಲ್ಲಿ ಒಂದು ಹಲಗೆ ಸಡಿಲಾಗಿತ್ತು, ಅದನ್ನು ಸರಿಸಿ ದಾಟಿದೆ. ಮೊದಲನೆಯ ಮನೆಯ ಅಂಗಳದಲ್ಲಿ ನಿಂತು, ಮರ್ಯಾದೆಗೆ ಕುಂದು ಬರಬಾರದಲ್ಲ, ಗಂಟಲೆತ್ತಿ ಕೂಗಿದೆ: "ಹ್ವಾಯ್! ಒಳಗೆ ಇದ್ರ್ಯಾ?"

ಪರದೆ ಸರಿಯಿತು. ಒಬ್ಬ ಮುದುಕಿ ಗಾಜಿನ ಹಿಂದೆ ನಿಂತು ನನ್ನನ್ನೇ ನೋಡಿದಳು. ನಾನು ಕೈಚೀಲ ಎತ್ತಿ ತೋರಿಸಿ, ಅಂಗಡಿಯ ಕಡೆ ಕೈ ಮಾಡಿ ನಕ್ಕೆ. ಅವಳೂ ನಕ್ಕಳು. ಸರಿ, ಇದು ಊರಲ್ಲಿ ನಮ್ಮ ನೆರೆಮನೆಯ ಸೀತಕ್ಕನ ಮನೆಯ ಹಾಗೆಯೇ ಎಂದುಕೊಂಡು ಮುಂದೆ ನಡೆದೆ.

ಎರಡನೆಯ ಅಂಗಳದಲ್ಲಿ ಕೂಗಿದರೆ ಯಾರೂ ಬರಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಬಾಗಿಲ ಪಕ್ಕದ ಒಂದು ಕಪ್ಪು ಡಬ್ಬಿ ಗಂಡಸಿನ ಸ್ವರದಲ್ಲಿ ಮಾತಾಡಿತು. ಒಳಗೆ ಯಾರೋ ಕಾಯಿಲೆಯವರಿದ್ದಾರೆ, ಎದ್ದು ಬರಲು ಆಗುತ್ತಿಲ್ಲ ಎಂದೇ ನನ್ನ ತಲೆಗೆ ಬಂತು. ಮೂವತ್ತು ವರ್ಷದ ಅಭ್ಯಾಸ ನೋಡಿ. ಕಿಟಕಿಗೆ ಕೈ ಅಡ್ಡ ಹಿಡಿದು ಒಳಗೆ ಇಣುಕಿದೆ. ಬಾಗಿಲು ತಟ್ಟಿದೆ. "ಹೆದ್ರ್ಕಣ್ಬೇಡಿ, ನಾನ್ ನರ್ಸ್" ಎಂದೂ ಹೇಳಿದೆ.

ಪೊಲೀಸಮ್ಮ ಹತ್ತು ನಿಮಿಷದಲ್ಲಿ ಬಂದಳು. ಆ ಡಬ್ಬಿಯಲ್ಲಿ ಕ್ಯಾಮೆರಾ ಇತ್ತಂತೆ, ಮನೆಯ ಯಜಮಾನ ಗ್ರೆಗ್ ಎಂಬವನು ಆಫೀಸಿನಲ್ಲೇ ಕೂತು ನನ್ನನ್ನು ನೋಡಿದ್ದನಂತೆ. ಪಾಪ, ಅವಳು ಒಳ್ಳೆಯ ಹುಡುಗಿ. ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಬಳಸು ದಾರಿಯಲ್ಲಿ ತಿರುಗಿಸಿ ಮನೆಗೆ ಬಿಟ್ಟಳು. ಭಾಸ್ಕರ ಲುಂಗಿಯಲ್ಲೇ ಬಾಗಿಲು ತೆಗೆದವನು ಪೊಲೀಸರ ಪಕ್ಕ ನನ್ನನ್ನು ಕಂಡು ಬೆಳ್ಳಗಾದ.

"ಎಂತ ಮಾಡ್ಕ ಬಂದೆ ಮಾರಾಯ್ತಿ?"

"ಹಾಲ್ ತಪ್ಪುಕ್ ಹೊರ್ಟದ್ದ್" ಎಂದು ಖಾಲಿ ಕೈಚೀಲ ತೋರಿಸಿದೆ.

ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. ಫಿಟ್ಸ್ ಬಂದ ಮೇಲೆ ಅವನು ನಕ್ಕದ್ದೇ ಅದು ಮೊದಲು ಎಂದು ಲಲಿತಾ ಆಮೇಲೆ ಹೇಳಿದಳು.

ಮಾರ್ಗರೆಟಮ್ಮನ ಅಡುಗೆಮನೆ

ಗಾಜಿನ ಹಿಂದೆ ನಕ್ಕ ಮುದುಕಿಯ ಹೆಸರು ಮಾರ್ಗರೆಟ್. ಮರುದಿನ ಅವಳು ನಡೆಯುವಾಗ ಊರಿಕೊಳ್ಳುವ ಗಾಲಿಗಾಡಿ ಹಿಡಿದು ನಿಧಾನವಾಗಿ ನಮ್ಮ ಬಾಗಿಲಿಗೆ ಬಂದಳು. ಪೊಲೀಸರನ್ನು ತಾನು ಕರೆದದ್ದಲ್ಲ ಎಂದು ಹೇಳಲಿಕ್ಕೆ ಬಂದದ್ದಂತೆ. ಭಾಸ್ಕರ ಅವಳನ್ನು ಕೂರಿಸಿ ಎರಡು ಇಡ್ಲಿ ಹಾಕಿಕೊಟ್ಟ. ಅವಳು ಚಮಚದಲ್ಲಿ ಮುರಿದು ತಿಂದು, ಕಣ್ಣು ಮುಚ್ಚಿ, ಇನ್ನೆರಡು ಕೇಳಿದಳು.

ಆಮೇಲೆ ನಾನು ದಿನಾ ಸಡಿಲ ಹಲಗೆ ಸರಿಸಿ ಅವಳ ಅಡುಗೆಮನೆಗೆ ಹೋಗುತ್ತಿದ್ದೆ. ಅವಳಿಗೆ ಕನ್ನಡ ಬಾರದು, ನನ್ನ ಇಂಗ್ಲಿಷು ಮಾತ್ರೆಯ ಹೆಸರುಗಳಿಗಷ್ಟೇ ಸಾಕು. ಆದರೂ ನಮ್ಮ ಮಾತು ನಡೆಯುತ್ತಿತ್ತು. ಕಣ್ಣಿನ ದೃಷ್ಟಿ ಕಡಿಮೆಯಾಗಿ ಅವಳೂ ಕಾರು ಬಿಟ್ಟಿದ್ದಳು. ಕೆಂಪು ಬೋರ್ಡು ಅವಳ ಕಿಟಕಿಗೂ ಕಾಣುತ್ತಿತ್ತು. ನಲವತ್ತು ವರ್ಷದಿಂದ ಕಾಣುತ್ತಿದೆ, ಒಮ್ಮೆಯೂ ನಡೆದು ಹೋಗಿಲ್ಲ ಎಂದಳು. ಬಿಸಿಲು ಆ ಅಡುಗೆಮನೆಯ ನೆಲದ ಮೇಲೆ ಜರುಗುತ್ತಾ ಹೋಗುತ್ತಿತ್ತು, ನಾವು ಸುಮ್ಮನೆ ಕೂತು ಅದನ್ನು ನೋಡುತ್ತಿದ್ದೆವು. ಎಷ್ಟೋ ಸಲ ನನಗೆ ಕೂತಲ್ಲೇ ಜೋಂಪು ಹತ್ತಿ, ಹೊರಗೆ ಗದ್ದೆಯಲ್ಲಿ ಯಾರೋ ಮಾತಾಡಿದ ಹಾಗೆ ಕೇಳುತ್ತಿತ್ತು.

ಇಡ್ಲಿಯ ಸುದ್ದಿ ಅವಳೇ ಹಬ್ಬಿಸಿದ್ದು. ಬೀದಿಯ ಕೊನೆಯ ಮನೆಯವರು ಕೇಳಿದರು, ಪಕ್ಕದವರು ಕೇಳಿದರು. ಭಾಸ್ಕರ ಮತ್ತೆ ಅಕ್ಕಿ ನೆನೆಸಲು ಶುರುಮಾಡಿದ. ಬೇರೆಲ್ಲ ಬಿಟ್ಟು ಮನೆಯ ಮುಂದಿನ ಕಾರಿನ ಕೋಣೆಯಲ್ಲೇ ಒಂದು ಇಡ್ಲಿ ಅಂಗಡಿ ಇಟ್ಟರೆ ಹೇಗೆ ಎಂದು ಅವನ ತಲೆಗೆ ಹೊಕ್ಕಿತು. ಎಣ್ಣೆಯ ಬಾಣಲೆ, ಗ್ಯಾಸಿನ ಉರಿ ಅವನ ಹತ್ತಿರ ಸುಳಿಯಕೂಡದು, ಕರೆಂಟಿನ ಹಬೆ ಪೆಟ್ಟಿಗೆ ಮಾತ್ರ, ಲಲಿತಾ ಮನೆಯಲ್ಲಿರುವ ಹೊತ್ತಿನಲ್ಲಿ ಮಾತ್ರ ಎಂದು ನಾನು ಕಟ್ಟುನಿಟ್ಟು ಮಾಡಿದೆ. ಅವನು ಎಲ್ಲಕ್ಕೂ ಹೂಂ ಎಂದ.

ತೊಡಕು ಇದ್ದದ್ದು ಊರಿನ ನಿಯಮದಲ್ಲಿ. ಮನೆ ಇರುವ ವಲಯದಲ್ಲಿ ಮನೆ ಮಾತ್ರ, ಅಂಗಡಿ ಇರುವ ವಲಯದಲ್ಲಿ ಅಂಗಡಿ ಮಾತ್ರ ಎಂದು ನಕ್ಷೆಯಲ್ಲಿ ಬಣ್ಣ ಹಾಕಿಟ್ಟಿದ್ದಾರೆ. ಅಷ್ಟೇ ಸಾಲದೆಂದು, ಅಂಗಡಿ ಇಟ್ಟವನು ಗಿರಾಕಿಗಳಿಗೆ ಇಷ್ಟು ಕಾರು ನಿಲ್ಲುವ ಜಾಗ ಬಿಡಲೇಬೇಕು ಎಂಬುದು ಇನ್ನೊಂದು. "ನಡ್ಕ ಬಪ್ಪುವರಿಗೆ ಕಾರ್ ನಿಲ್ಸುಕೆ ಜಾಗ ಎಂತಕ್ಕೆ?" ಎಂದು ನಾನು ಲಲಿತಾಳನ್ನು ಕೇಳಿದೆ. ಅವಳು ಹೇಳಿದಳು: "ಇಲ್ಲ್ ನಡ್ಕ ಬತ್ರ್ ಅಂದೇಳಿ ಯಾರೂ ಎಣ್ಸಲೇ ಇಲ್ಲ ಅತ್ಗೆ."

ಆದರೆ ಈಗ ಎಣಿಸುವವರು ಹುಟ್ಟಿಕೊಂಡಿದ್ದರು. ಮನೆಬೀದಿಗಳಲ್ಲೂ ಸಣ್ಣ ಅಂಗಡಿ ಇರಲಿ, ಕಾರಿನ ಜಾಗದ ಕಡ್ಡಾಯ ಹೋಗಲಿ, ಹಿತ್ತಿಲುಗಳ ನಡುವೆ ಮಳೆನೀರು ಹರಿಯಲು ಬಿಟ್ಟ ಪಟ್ಟಿಗಳನ್ನು ಕಾಲುದಾರಿ ಮಾಡೋಣ ಎಂದು ಹೊಸ ನಿಯಮವೊಂದು ನಗರಸಭೆಯ ಮುಂದೆ ಬಂದಿತ್ತು. ಅದು ಪಾಸಾದರೆ ಭಾಸ್ಕರನಿಗೆ ಅಲ್ಲೇ ಬದುಕು. ಬಿದ್ದುಹೋದರೆ ಮನೆ ಮಾರಿ ನನ್ನ ಜೊತೆ ಊರಿಗೆ ಎಂದು ಅವನೇ ತೀರ್ಮಾನಿಸಿದ್ದ.

ಅದು ಬೀಳಲಿ ಎಂದು ನಾನು ಮನಸ್ಸಿನೊಳಗೆ ಆನೆಗುಡ್ಡೆ ಗಣಪತಿಗೆ ಹರಕೆ ಹೊತ್ತೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ. ತಮ್ಮ ಎದುರು ಕೂತು ಅಂಗಡಿಗೆ ಏನು ಹೆಸರಿಡುವುದು ಎಂದು ಕೇಳುವಾಗ ಒಂದೆರಡು ಹೆಸರು ಸೂಚಿಸಿದ್ದೂ ಇದೇ ನಾನು.

ಮಳೆ ಬಂದ ಒಂದು ಮಧ್ಯಾಹ್ನ

ಅಲ್ಲಿಯ ಮಳೆಗೆ ಶಬ್ದವಿಲ್ಲ. ಮಾಡಿನ ಮೇಲೆ ಬಿದ್ದದ್ದೂ ಗೊತ್ತಾಗುವುದಿಲ್ಲ, ಕಿಟಕಿ ಮಸುಕಾದ ಮೇಲೆಯೇ ಮಳೆ ಎಂದು ತಿಳಿಯುತ್ತದೆ. ಅಂಥ ಒಂದು ಮಧ್ಯಾಹ್ನ ಭಾಸ್ಕರ ನನ್ನ ಪಕ್ಕ ಕೂತು ಊರಿನ ದಾರಿಯನ್ನು ಒಂದೊಂದೇ ಹೆಜ್ಜೆಯಾಗಿ ನೆನಪು ಮಾಡತೊಡಗಿದ.

"ಬಾರ್ಕೂರಿಂದ ಬಸ್ ಹತ್ತುದ್. ಕೊಕ್ಕರ್ಣೆಗ್ ಇಳುದ್. ಚಾ ಕುಡುದ್. ಅಲ್ಲಿಂದ ಗದ್ದಿ ಅಂಚಂಗೇ ಬಂದ್, ತಡಮೆ ದಾಟಿ, ಸೀತಕ್ಕನ ಅಂಗಳ. ಸೀತಕ್ಕ, ಬೊಂಬಾಯಿಂದ ಯಾವಾಗ ಬಂದದ್ದಾ ಅಂದೇಳಿ ಕೇಂತ್ರ್. ಮತ್ತೆ ಬಾವಿಕಟ್ಟಿ, ಹುಣ್ಸಿ ಮರ, ನಮ್ಮನಿ. ಕಣ್ಣ್ ಮುಚ್ಕಂಡ್ ಹೋಯ್ಲಕ್ಕ್. ಅಲ್ದಾ ಅಕ್ಕ?"

"ಹೌದ್ ಮಾರಾಯ" ಎಂದೆ.

"ಅಲ್ಲಿಗ್ ಬಂದ್ರೆ ನಂಗ್ ಕಾರೂ ಬ್ಯಾಡ, ಲೈಸೆನ್ಸೂ ಬ್ಯಾಡ. ಒಂದ್ ಲೆಕ್ಕದಂಗೆ ಈ ನಿಯಮ ಬಿದ್ರೇ ಒಳ್ಳೇದ್."

ಹೇಳುವಾಗ ಅವನ ಮುಖ ಅರೆನಿದ್ದೆಯಲ್ಲಿ ನಗುವ ಮಗುವಿನ ಹಾಗಿತ್ತು. ನನಗೂ ಆ ದಾರಿ ಕಣ್ಣೆದುರು ಬಂತು. ಅಂಚಿನ ಹುಲ್ಲಿನ ನೀರು ಪಾದಕ್ಕೆ ತಾಗಿದ ಹಾಗಾಯಿತು, ಸೀತಕ್ಕನ ಒಲೆಯ ಹೊಗೆ ಮೂಗಿಗೆ ಬಂತು. ಇಬ್ಬರೂ ಕೂತಲ್ಲೇ ಆ ದಾರಿಯಲ್ಲಿ ನಡೆದೆವು.

ಆದರೆ ಆ ದಾರಿ ಈಗ ಇಲ್ಲ. ಮೂರು ವರ್ಷದ ಹಿಂದೆ ಆ ಗದ್ದೆಗಳನ್ನು ತುಂಬಿಸಿ ಸೈಟು ಮಾಡಿದರು. ಸುತ್ತ ಆಳೆತ್ತರದ ಕಾಂಪೌಂಡ್ ಬಂತು. ನಿಮ್ಮ ಮನೆ ಬಾಗಿಲವರೆಗೆ ಕಾರು ಬರುವ ರಸ್ತೆ ಮಾಡಿಕೊಡುತ್ತೇವೆ, ಹಳೆಯ ದಾರಿಯ ತಕರಾರಿಲ್ಲ ಎಂದು ಬರೆದುಕೊಡಿ ಎಂದರು. ನಾನು ಸಹಿ ಹಾಕಿದೆ. ಕಾರಿನ ರಸ್ತೆ ಎಂದರೆ ಯಾರಿಗೆ ಬೇಡ? ಈಗ ಸೀತಕ್ಕನ ಮನೆಗೆ ಹೋಗಬೇಕಾದರೆ ಮುಖ್ಯರಸ್ತೆಗೆ ಬಂದು, ಸುತ್ತು ಹಾಕಿ, ಸ್ಕೂಟರಿನಲ್ಲಿ ಹೋಗಬೇಕು. ತೆಕ್ಕಟ್ಟೆಯಲ್ಲಿರುವ ನಮ್ಮ ಚಿಕ್ಕಮ್ಮನದ್ದೂ ಇದೇ ಪಾಡು. ಹೆದ್ದಾರಿ ಅಗಲವಾಗಿ ನಡುವೆ ಗೋಡೆ ಬಂದ ಮೇಲೆ ಎದುರು ಮನೆಯ ಗೆಳತಿಯ ಹತ್ತಿರ ಫೋನಿನಲ್ಲಿ ಮಾತಾಡುತ್ತಾರೆ.

ಇದನ್ನೆಲ್ಲ ಭಾಸ್ಕರನಿಗೆ ನಾನು ಹೇಳಿರಲಿಲ್ಲ. ಅವತ್ತೂ ಹೇಳಲಿಲ್ಲ. ಅವನು ಬರಬೇಕಿತ್ತು ನನಗೆ, ಅಷ್ಟೇ.

ಸಭೆಯ ಸಂಜೆ

ನಗರಸಭೆಯ ಕೋಣೆ ನಮ್ಮ ಬ್ರಹ್ಮಾವರದ ಮದುವೆ ಹಾಲಿನಷ್ಟಿತ್ತು. ಯಾರು ಬೇಕಾದರೂ ಎದ್ದು ಮಾತಾಡಬಹುದು, ತಲಾ ಮೂರು ನಿಮಿಷ. ಎದುರಿಗೆ ಒಂದು ದೀಪ, ಹಸಿರಿದ್ದಷ್ಟು ಹೊತ್ತು ಮಾತು, ಕೆಂಪಾದರೆ ಕೂರಬೇಕು. ನಮ್ಮ ಗ್ರಾಮಸಭೆಗೆ ಇಂಥದ್ದೊಂದು ದೀಪ ತಂದರೆ ಎಷ್ಟು ಚಂದ ಎಂದುಕೊಂಡೆ.

ಮಾರ್ಗರೆಟಮ್ಮ ಒಂದೇ ವಾಕ್ಯ ಹೇಳಿದಳು, ನನಗೆ ನಡೆದು ಹೋಗಿ ಹಾಲು ತರಬೇಕು ಎಂದು. ಆಮೇಲೆ ಗ್ರೆಗ್ ಎದ್ದ. ಕೆಟ್ಟವನಲ್ಲ ಅವನು, ನನ್ನನ್ನು ಕಂಡು ತಲೆಬಾಗಿಸಿಯೇ ಮುಂದೆ ಹೋದ. ಇಡೀ ದಿನ ಗಲಾಟೆಯಲ್ಲಿ ದುಡಿದು ಬರುವವನು ನಾನು, ಸದ್ದಿಲ್ಲದ ಬೀದಿ ಎಂದೇ ಇಲ್ಲಿ ಮನೆ ತೆಗೆದುಕೊಂಡದ್ದು, ನನ್ನ ಹಿತ್ತಿಲ ಪಕ್ಕ ಗುರುತಿಲ್ಲದವರು ಓಡಾಡಿದರೆ ನನ್ನ ಮಕ್ಕಳನ್ನು ಹೊರಗೆ ಬಿಡುವುದು ಹೇಗೆ ಎಂದು ಕೇಳಿದ. ನಡೆದಾಡುವ ಊರು ಬೇಕಿದ್ದವರಿಗೆ ಅಂಥ ಊರುಗಳು ಬೇರೆ ಇವೆಯಲ್ಲ, ಅವರು ಅಲ್ಲಿಗೇ ಹೋಗಲಿ ಎಂದೂ ಹೇಳಿದ. ಲಲಿತಾ ಇದನ್ನೆಲ್ಲ ನನ್ನ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದಳು.

ಭಾಸ್ಕರ ಮಾತಾಡಬೇಕಿತ್ತು. ಮೂರು ದಿನದಿಂದ ಕನ್ನಡಿಯೆದುರು ಅಭ್ಯಾಸ ಮಾಡಿದ್ದ. ಹೆಸರು ಕರೆದರು. ಅವನು ಏಳಲಿಲ್ಲ. "ಬ್ಯಾಡ" ಎಂದು ಲಲಿತಾಳಿಗೆ ಪಿಸುಗುಟ್ಟಿದ. "ಅವ್ರ್ ಹೇಳ್ದ್ ಸರಿಯೇ. ನಂಗ್ ಬೇಕಾದ್ ಊರ್ ನಂಗಿತ್ತಲ್ದಾ. ಅಕ್ಕನೊಟ್ಟಿಗ್ ಹೋತೆ."

ನಾನು ಹರಕೆ ಹೊತ್ತು ಬೇಡಿಕೊಂಡ ಮಾತು ಅದೇ. ಆದರೆ ಅದನ್ನು ಕೇಳಿದಾಗ ಖುಷಿಯಾಗಲಿಲ್ಲ, ಹೆದರಿಕೆಯಾಯಿತು. ಈಗ ಇಲ್ಲದ ದಾರಿಗೆ ಇವನು ಹೊರಟಿದ್ದಾನೆ, ಇದ್ದ ಒಂದು ಬದುಕನ್ನು ಕೈಬಿಟ್ಟು ಹೊರಟಿದ್ದಾನೆ. ಅಲ್ಲಿ ಬಂದು ಕಾಂಪೌಂಡಿನ ಎದುರು ನಿಂತರೆ ಏನು ಹೇಳಲಿ? ತಡೆಯಲಾರದೆ ಎದ್ದೆ. ಮೈಕಿನ ಎದುರು ಹೋಗಿ ನಿಂತೆ. ಲಲಿತಾ ಓಡಿಬಂದು ಪಕ್ಕದಲ್ಲಿ ನಿಂತಳು. ದೀಪ ಹಸಿರಾಯಿತು.

"ನಾನ್ ಈ ಊರವ್ಳಲ್ಲ" ಎಂದೆ. "ನಿಮ್ ಅಂಗಳ ಎಲ್ಲ ದಾಟಿ ಪೊಲೀಸರ ಕೈಯಂಗೆ ಸಿಕ್ಕವ್ಳ್ ನಾನೇ."

ಲಲಿತಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಕೆಲವರು ನಕ್ಕರು. ಗ್ರೆಗ್ ಕೂಡ.

"ನಮ್ಮೂರಗೆ ಒಂದ್ ದಾರಿ ಇದ್ದಿತ್ತ್. ಯಾರ್ ಕೊಟ್ಟದ್ದೂ ಅಲ್ಲ, ಯಾರ್ ಬರ್ದಿಟ್ಟದ್ದೂ ಅಲ್ಲ. ನಡ್ದ್ ನಡ್ದ್ ಆದ್ದ್. ನನ್ ತಮ್ಮ ಈಗ್ಳೂ ಅದ್ ಇತ್ತ್ ಅಂದೇಳಿ ಎಣ್ಸ್ಕಂಡಿದ. ಅದಿಲ್ಲ."

ಲಲಿತಾ ಅದನ್ನು ಇಂಗ್ಲಿಷ್ ಮಾಡುವುದು ಬಿಟ್ಟು ನನ್ನ ಕಡೆ ತಿರುಗಿದಳು. "ಹೇಳ್" ಎಂದೆ. ಅವಳು ಹೇಳಿದಳು.

"ಗದ್ದೆ ಹೋಯಿ ಸೈಟ್ ಆಯ್ತ್, ಕಾಂಪೌಂಡ್ ಬಂತ್. ಸಹಿ ಹಾಕಿದ್ದ್ ನಾನೇ. ಬಾಗ್ಲಿಗ್ ಕಾರ್ ಬತ್ತ್ ಅಂದ್ರ್, ಖುಷಿಯಂಗೆ ಹಾಕ್ದೆ. ಎಲ್ಲೂ ಬರ್ದಿರ್ಲಿಲ್ಲ ಕಾಣಿ, ಅದಕ್ಕೇ ಅಳ್ಸುಕೆ ಒಂದ್ ಸಹಿ ಸಾಕಾಯ್ತ್. ನಿಮ್ಮಲ್ ಹಾಂಗಲ್ಲ. ಬರ್ದಿಡುಕೆ ಪುಸ್ತಕ ಇತ್ತ್, ತಿದ್ದುಕೆ ಇಷ್ಟ್ ಜನ ಕೂತಿದ್ರಿ. ಬರ್ದಿಡಿ. ನಡುಕೆ ಒಂದ್ ದಾರಿ, ಮನಿ ಹತ್ರ ಒಂದ್ ಅಂಗಡಿ, ಬರ್ದಿಡಿ. ಗುರ್ತಿಲ್ದವ್ರ್ ಬತ್ರ್ ಅಂದ್ರಿ. ನಡ್ಕ ಬಂದವ್ರ್ ಗುರ್ತ್ ಆತ್ರ್. ನಂಗೆ ಮಾರ್ಗರೆಟಮ್ಮ ಗುರ್ತಾದ್ದ್ ಹಾಂಗೇ."

ದೀಪ ಇನ್ನೂ ಹಸಿರಿತ್ತು, ಆದರೆ ನನಗೆ ಮಾತು ಮುಗಿದಿತ್ತು. ಕೂತೆ. ಭಾಸ್ಕರ ನನ್ನ ಕಡೆ ನೋಡಲಿಲ್ಲ.

ನನ್ನ ಮಾತಿನಿಂದಲೇ ಎಲ್ಲ ಆಯಿತು ಎಂದು ಜಂಬ ಕೊಚ್ಚಿಕೊಳ್ಳುವುದಿಲ್ಲ. ಸದಸ್ಯರಲ್ಲಿ ಹೆಚ್ಚಿನವರು ಮೊದಲೇ ಮನಸ್ಸು ಮಾಡಿದ್ದರು ಎಂದು ಲಲಿತಾ ಹೇಳುತ್ತಾಳೆ. ಅಂತೂ ಕೈ ಎತ್ತಿಸಿದರು, ಬೇಕು ಎಂದವರದ್ದು ಒಂದು ಕೈ ಹೆಚ್ಚಾಯಿತು. ಮನೆಬೀದಿಯಲ್ಲಿ ಸಣ್ಣ ಅಂಗಡಿಗೆ ಒಪ್ಪಿಗೆ, ಕಾರಿನ ಜಾಗದ ಕಡ್ಡಾಯ ರದ್ದು, ನೀರಿನ ಪಟ್ಟಿಗಳು ಕಾಲುದಾರಿ. ಗ್ರೆಗ್ ಬೇಸರದಿಂದ ಕೋಟು ಎತ್ತಿಕೊಂಡು ಹೋದ. ಮರುವಾರ ತನ್ನ ಬೇಲಿಯನ್ನು ಇನ್ನೊಂದು ಗೇಣು ಎತ್ತರ ಮಾಡಿದ. ಅದು ಅವನ ಬೇಲಿ, ಅವನಿಷ್ಟ.

ಕಾರಿನಲ್ಲಿ ವಾಪಸು ಬರುವಾಗ ಭಾಸ್ಕರ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತ.

"ಯಾವಾಗ ಆದ್ದ್ ಅದ್?" ಎಂದು ಕೇಳಿದ.

"ಮೂರ್ ವರ್ಷ ಆಯ್ತ್."

"ನಂಗ್ ಎಂತಕ್ ಹೇಳಲ್ಲೆ?"

"ಹೇಳಿರೆ ನೀ ಬತ್ತಿರ್ಲಿಲ್ಲ."

ಅವನು ಕಿಟಕಿಯ ಹೊರಗೆ ನೋಡಿದ. "ಸೀತಕ್ಕ ಈಗ ಯಾರ್ ಹತ್ರ ಮಾತಾಡ್ತ್ರ್?" ಎಂದು ಕೇಳಿದ. ಊರಿನಲ್ಲಿದ್ದೂ ನಾನು ಅದನ್ನು ಯೋಚಿಸಿರಲಿಲ್ಲ.

ಹೊರಟ ದಿನ

ಎಲೆಗಳು ಹಣ್ಣಾಗಲು ಶುರುವಾದಾಗ ನನ್ನ ವೀಸಾ ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಭಾಸ್ಕರನ ಅಂಗಡಿ ತೆರೆದು ಮೂರು ವಾರವಾಗಿತ್ತು. ಕಾರಿನ ಕೋಣೆಯ ಬಾಗಿಲು ಬೆಳಗ್ಗೆ ಮೇಲೆದ್ದರೆ ಒಳಗೆ ಕಾರಿನ ಬದಲು ಒಂದು ಮೇಜು, ಹಬೆ ಪೆಟ್ಟಿಗೆ, ಕಾಫಿಯ ಪಾತ್ರೆ. ಇಡ್ಲಿ, ಬಾಳೆಲೆಯ ಕಡುಬು, ಅಷ್ಟೇ ತಿಂಡಿ. ಮೊದಲ ದಿನ ನಾಲ್ಕು ಜನ ಬಂದರು. ಆಮೇಲೆ ಆ ಬಾಗಿದ ಬೀದಿಯಲ್ಲಿ ಬೆಳಗಿನ ಹೊತ್ತು ಮನುಷ್ಯರು ಕಾಣತೊಡಗಿದರು. ಮನೆಯ ಚಪ್ಪಲಿಯಲ್ಲೇ ಬರುತ್ತಿದ್ದರು, ತಲೆ ಬಾಚದೆ ಬರುತ್ತಿದ್ದರು. ಹತ್ತು ವರ್ಷದಿಂದ ಎದುರುಬದುರು ಇದ್ದವರು ಹೆಸರು ಕೇಳಿಕೊಳ್ಳುವುದನ್ನು ನಾನು ಕಿವಿಯಾರೆ ಕೇಳಿದೆ. ಭಾಸ್ಕರ ಬೊಂಬಾಯಿಯ ಗತ್ತಿನಲ್ಲಿ ಎಲ್ಲರನ್ನೂ ಬಾಸ್ ಎಂದು ಕರೆಯುತ್ತಿದ್ದ.

ನನ್ನ ವಿಮಾನ ಮಧ್ಯಾಹ್ನಕ್ಕಿತ್ತು. ಬೆಳಗ್ಗೆಯೇ ಹೊರಡಬೇಕು. ಇಬ್ಬರೂ ಹೊರಟರೆ ಅಂಗಡಿ ಮುಚ್ಚಬೇಕು, ಲಲಿತಾ ಅಲ್ಲೇ ಉಳಿಯಲಿ ಎಂದು ನಾನೇ ಹೇಳಿದೆ. ಅದಕ್ಕೇ ಟ್ಯಾಕ್ಸಿ ಹೇಳಿದೆವು. ಭಾಸ್ಕರನೊಬ್ಬ ನನ್ನ ಜೊತೆ ಬಂದು, ಅದೇ ಟ್ಯಾಕ್ಸಿಯಲ್ಲಿ ಹಿಂದೆ ಬರುವುದೆಂದು ಮಾತಾಗಿತ್ತು. ಆದರೆ ಅವತ್ತು ಭಾನುವಾರ. ಟ್ಯಾಕ್ಸಿ ಬಂದು ನಿಂತಾಗ ಮೇಜಿನ ಎದುರು ಏಳೆಂಟು ಜನರಿದ್ದರು, ಕಾಲುದಾರಿಯ ಕಡೆಯಿಂದ ಇನ್ನೂ ಬರುತ್ತಿದ್ದರು. ಮಾರ್ಗರೆಟಮ್ಮ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು.

ಭಾಸ್ಕರ ಒಂದು ಕೈಯಲ್ಲಿ ಇಡ್ಲಿ ತಟ್ಟೆ ಹಿಡಿದು ನನ್ನನ್ನು ನೋಡಿದ, ಜನರನ್ನು ನೋಡಿದ.

"ಒಂದ್ ಐದ್ ನಿಮಿಷ ಅಕ್ಕ, ಇದೊಂದ್ ತಟ್ಟಿ ತೆಗ್ದ್ ಬತ್ತೆ."

"ಬಪ್ಪುದ್ ಬ್ಯಾಡ" ಎಂದೆ. "ಜನ ನಿಂತಿದ್ರ್ ಕಾಣ್. ಮಾತ್ರೆ ತಪ್ಪಿಸ್ಬೇಡ."

"ಸಿಟ್ಟಾ ಅಕ್ಕ?"

"ಎಂತ ಸಿಟ್ಟ್? ಹೋಯಿ ಬಡ್ಸ್."

ಅವನು ತಟ್ಟೆ ಕೆಳಗಿಟ್ಟು, ಕೈಯನ್ನು ಹೆಗಲ ಮೇಲಿನ ಬೈರಾಸಿಗೆ ಒರೆಸಿ, ಬಗ್ಗಿ ನನ್ನ ಕಾಲು ಮುಟ್ಟಿದ. ಅಷ್ಟರಲ್ಲಿ ಯಾರೋ 'ಬಾಸ್, ಇನ್ನೆರಡು' ಎಂದು ಕರೆದರು, ಅವನು ಎದ್ದು ಓಡಿದ.

ಟ್ಯಾಕ್ಸಿ ಆ ಬಾಗಿದ ಬೀದಿ ದಾಟಿ ದೊಡ್ಡ ರಸ್ತೆಗೆ ಬಂತು. ಅಲ್ಲಿಯವರೆಗೆ ತಡೆದುಕೊಂಡಿದ್ದೆ, ಆಮೇಲೆ ಆಗಲಿಲ್ಲ. ಸೆರಗು ಬಾಯಿಗೆ ಹಿಡಿದು ಅಳತೊಡಗಿದೆ. ಡ್ರೈವರ್ ಪಂಜಾಬಿನ ಮುದುಕ, ಕನ್ನಡಿಯಲ್ಲಿ ನನ್ನನ್ನು ನೋಡಿ ಗಾಬರಿಯಾದ. ಏನಾಯಿತು ಬೆಹನ್‌ಜಿ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ಹಿಂದಿಯಲ್ಲಿ ಕೇಳಿದ.

ನನ್ನ ಹಿಂದಿಯೂ ಅಷ್ಟಕ್ಕಷ್ಟೇ. ಕಣ್ಣೊರೆಸಿಕೊಂಡು, ಶಬ್ದ ಹುಡುಕಿ ಹುಡುಕಿ ಹೇಳಿದೆ: "ಹಾಗೇನಿಲ್ಲ. ನನ್ನ ತಮ್ಮ ಬರುವುದಿಲ್ಲ. ಅವನಿಗೆ ಪುರುಸೊತ್ತಿಲ್ಲ."